ಕರೆಯದೆ ಬಂದ ಸ್ವರ

ಕ್ಲಾರಿನೆಟ್ ಕಲಿಯುವವರ ನೆರೆಮನೆಯಲ್ಲಿ ಇರುವವರಿಗೆ ಆ ಸದ್ದಿನ ಪರಿಚಯ ಮಾಡಿಸಬೇಕಾಗಿಲ್ಲ. ಎಣ್ಣೆ ಸುರಿದಂತೆ ನುಣ್ಣಗೆ ಸಾಗುತ್ತಿದ್ದ ದನಿ ಇದ್ದಕ್ಕಿದ್ದಂತೆ 'ಕೀಂಕ್' ಎಂದು ಚೀರಿ, ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಹಳೆಯ ದಾರಿಗೆ ಇಳಿಯುತ್ತದೆ. ಊದುವವರ ಮುಖ ಮಾತ್ರ ಕೆಂಪಗಾಗಿರುತ್ತದೆ. ಈ ಕೀರಲನ್ನು ಹಣೆಬರಹವೆಂದು ಬಗೆಯುವವರೇ ಹೆಚ್ಚು. ಇನ್ನು ಕೆಲವರು ಅಭ್ಯಾಸವಾದರೆ ತಾನಾಗಿ ಹೋಗುತ್ತದೆ ಎಂದು ಸಮಾಧಾನ ಹೇಳುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಕೀರಲು ಕೂಡ ಒಂದು ಸ್ವರವೇ. ಆ ಕೊಳವೆಯಲ್ಲಿ ಮೊದಲಿನಿಂದಲೂ ಕಾದು ಕುಳಿತಿದ್ದ ಸ್ವರ, ಯಾರೋ ಕದ ಓರೆಮಾಡಿದ್ದರಿಂದ ಹೊರಗೆ ಬಂದಿದೆ, ಅಷ್ಟೆ. ಯಾವ ಕದ ಎಂದು ಹುಡುಕುವುದರಲ್ಲಿ ಊದುವುದರಷ್ಟೇ ರುಚಿಯಿದೆ.

ಕೊಳಲನ್ನು ಬಿರುಸಾಗಿ ಊದಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಕೇಳುತ್ತದೆ. ಷಡ್ಜ ಷಡ್ಜವಾಗಿಯೇ ಉಳಿಯುತ್ತದೆ. ಕ್ಲಾರಿನೆಟ್ಟಿನ ಸ್ವಭಾವ ಬೇರೆ. ಅದರ ಕೊಳವೆ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಅಗಲ, ಬಾಯಿಯ ಕಡೆಯ ತುದಿ ಮುಚ್ಚಿದಂತೆ ವರ್ತಿಸುತ್ತದೆ. ಅಂಥ ಕೊಳವೆ ಮೂಲ ಕಂಪನದ ಮೂರು ಪಟ್ಟು, ಐದು ಪಟ್ಟು ಹೀಗೆ ಬೆಸಸಂಖ್ಯೆಗಳಿಗೇ ಹೆಚ್ಚು ಒಲಿಯುತ್ತದೆ. ಬಿ ಫ್ಲಾಟ್ ಕ್ಲಾರಿನೆಟ್ಟಿನ ಅತಿ ಕೆಳಗಿನ ಸ್ವರ ಸುಮಾರು 147 ಹರ್ಟ್ಜ್. ಅದು ಹಾರಿದರೆ ನಿಲ್ಲುವುದು 440ರ ಹತ್ತಿರ. ನಮ್ಮ ಲೆಕ್ಕದಲ್ಲಿ ಷಡ್ಜದಿಂದ ನೇರವಾಗಿ ಮೇಲಿನ ಸ್ಥಾಯಿಯ ಪಂಚಮಕ್ಕೆ. ಕೀರಲು ಕಿವಿಗೆ ಅಷ್ಟು ಪರಕೀಯವಾಗಿ ಕೇಳುವುದಕ್ಕೆ ಈ ದೊಡ್ಡ ಜಿಗಿತವೂ ಒಂದು ಕಾರಣ. 18ನೆಯ ಶತಮಾನದ ಆರಂಭದ ಹೊತ್ತಿಗೆ ನ್ಯೂರೆಂಬರ್ಗಿನ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಶಾಲುಮೋ ಎಂಬ ಪುಟ್ಟ ವಾದ್ಯವನ್ನು ತಿದ್ದಿ ಕ್ಲಾರಿನೆಟ್ ಮಾಡಿದ ಎನ್ನುತ್ತಾರೆ. ಆ ತಿದ್ದುಪಡಿಯ ಜೀವಾಳ ಇದೇ ಜಿಗಿತವನ್ನು ಪಳಗಿಸಿದ್ದು. ಇವತ್ತಿಗೂ ಎಡಗೈ ಹೆಬ್ಬೆರಳಿಗೆ ಸಿಗುವಂತೆ ವಾದ್ಯದ ಬೆನ್ನಿಗೆ ರೆಜಿಸ್ಟರ್ ಕೀ ಇರುತ್ತದೆ. ಅದನ್ನು ಒತ್ತಿದರೆ ಒಂದು ಕಿರುರಂಧ್ರ ತೆರೆದು ಗಾಳಿ ಸೋರುತ್ತದೆ. ಆ ಸೋರಿಕೆಯಲ್ಲಿ ಮೂಲ ಸ್ವರ ನಿಲ್ಲಲಾರದೆ ಕುಸಿಯುತ್ತದೆ, ಮೂರು ಪಟ್ಟಿನ ಸ್ವರ ಅದರ ಪೀಠ ಏರುತ್ತದೆ. ಇನ್ನೂ ಮೇಲೆ ಹೋಗಬೇಕಾದರೆ ಎಡ ತೋರುಬೆರಳನ್ನೂ ಎತ್ತುತ್ತಾರೆ, ಅದು ಎರಡನೆಯ ಸೋರಿಕೆ. ಹಾಗಿದ್ದ ಮೇಲೆ, ಮಂದ್ರದಲ್ಲಿ ಊದುತ್ತಿರುವಾಗ ಎಡಗೈಯ ಉಂಗುರಬೆರಳು ಕೂದಲೆಳೆಯಷ್ಟು ಸರಿದು ರಂಧ್ರದ ಅಂಚು ಬಿಟ್ಟರೆ ವಾದ್ಯ ಏನು ತಿಳಿಯಬೇಕು? ಮೇಲೆ ಹೋಗು ಎಂದು ಹೇಳಿದಿರಿ, ಅದು ಹೋಯಿತು.

ಆದ್ದರಿಂದ ಮೊದಲ ಅನುಮಾನ ಬೆರಳುಗಳ ಮೇಲೆ. ಸಾಕ್ಷ್ಯವೂ ಅಲ್ಲೇ ಸಿಗುತ್ತದೆ: ಎಲ್ಲ ರಂಧ್ರಗಳನ್ನೂ ಮುಚ್ಚಿ ಒಂದು ದೀರ್ಘ ಸ್ವರ ಊದಿ, ತಕ್ಷಣ ಅಂಗೈ ಮಗುಚಿ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿ. ಬೆರಳಿನ ಮೆತ್ತನೆಯ ದಿಂಬಿನ ನಡುವೆ ಪುಟ್ಟ ಬಳೆಯ ಗುರುತು ಪೂರ್ತಿ ಮೂಡಿದ್ದರೆ ಆ ಬೆರಳು ನಿರಪರಾಧಿ. ಬಳೆ ಅರ್ಧಚಂದ್ರವಾಗಿದ್ದರೆ, ಅಥವಾ ಉಗುರಿನ ಕಡೆಗೆ ಜಾರಿದ್ದರೆ, ಕಳ್ಳ ಸಿಕ್ಕ. ಹೆಚ್ಚು ಸಲ ಸಿಕ್ಕಿಬೀಳುವುದು ಉಂಗುರಬೆರಳು. ಕಿರುಬೆರಳು ದೂರದ ಕೀಗೆ ಚಾಚಿದಾಗಲೆಲ್ಲ ಪಕ್ಕದ ಇದನ್ನೂ ಎಳೆದುಕೊಂಡು ಹೋಗುತ್ತದೆ. ಇನ್ನೊಂದು ಬಗೆಯ ಕಳವು ಕಣ್ಣಿಗೆ ಬೀಳುವುದೇ ಇಲ್ಲ: ಬಲಗೈ ತೋರುಬೆರಳಿನ ಬುಡ ಪಕ್ಕದ ಕೀಗಳಿಗೆ ಒರಗಿ ಒಂದನ್ನು ತುಸುವೇ ಎತ್ತಿರುತ್ತದೆ. ಕೀರಲು ಬಂತೆಂದು ಹೆದರಿ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಒತ್ತುವವರು ಈ ತಪ್ಪನ್ನು ಇಮ್ಮಡಿ ಮಾಡುತ್ತಾರೆ. ಕೈ ಸೆಟೆದಷ್ಟೂ ಬೆರಳು ಓರೆಯಾಗುತ್ತದೆ. ರಂಧ್ರ ಮುಚ್ಚಲು ಬಲ ಬೇಡ, ಜಾಗ ಸರಿಯಿರಬೇಕು.

ಇಲ್ಲಿ ವಾದ್ಯಗಾರರು ತಡೆದು ಹೇಳುತ್ತಾರೆ: ಬೆರಳಲ್ಲ, ರೀಡ್ ನೋಡಿ. ಅವರ ಮಾತಿನಲ್ಲಿ ತೂಕವಿದೆ. ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತಕ್ಕೆ ಹೆಸರು ತಂದ, ಬಿದಿರನ್ನು ಹೋಲುವ ಜೊಂಡಿನಿಂದ ಕೆತ್ತಿದ ಆ ಪಟ್ಟಿ ತುದಿಯಲ್ಲಿ ಕಾಗದದಷ್ಟೇ ತೆಳು. ಅರ್ಧ ಒಣಗಿದರೆ ತುದಿ ಅಲೆಅಲೆಯಾಗಿ ಸೊಟ್ಟಗಾಗುತ್ತದೆ, ಅಂಗಿಯ ತೋಳು ತಾಗಿದರೂ ಮುಕ್ಕಾಗುತ್ತದೆ. ಅದಕ್ಕೆ ತನ್ನದೇ ಆದ ಕಂಪನವೂ ಉಂಟು, 2,000 ಹರ್ಟ್ಜ್‌ಗೂ ಮೇಲೆ. ಕೆಳದುಟಿಯ ಒದ್ದೆ ಮೆತ್ತೆ ಅದನ್ನು ಅದುಮಿಟ್ಟಿರುವವರೆಗೆ ರೀಡು ಕೊಳವೆಯ ಮಾತು ಕೇಳುತ್ತದೆ. ತುಟಿ ಸಡಿಲವಾದರೆ, ಇಲ್ಲವೇ ಮೌತ್‌ಪೀಸನ್ನು ಬಾಯೊಳಗೆ ಅತಿಯಾಗಿ ನುಂಗಿದರೆ, ತನ್ನಿಷ್ಟದ ರಾಗ ತೆಗೆಯುತ್ತದೆ. ಆದರೆ ಇಲ್ಲೂ ಕದ ತೆರೆದುಕೊಂಡದ್ದೇ, ತುಟಿ ಕಾಯಬೇಕಾಗಿದ್ದ ಕದ. ಎರಡನ್ನೂ ಬೇರ್ಪಡಿಸಲು ಒಂದು ಸುಲಭದ ಪರೀಕ್ಷೆಯಿದೆ. ಹೆಬ್ಬೆರಳನ್ನೂ ಸೇರಿಸಿ ಎಲ್ಲ ಬೆರಳುಗಳನ್ನೂ ಎತ್ತಿ ಊದಿದರೆ ಜಿ ಸ್ವರ ಬರುತ್ತದೆ. ಅಲ್ಲಿ ಬೆರಳು ಮುಚ್ಚಿದ ರಂಧ್ರವೇ ಇಲ್ಲ, ಬೆರಳಿನ ಮೇಲೆ ಆರೋಪ ಹೊರಿಸುವಂತಿಲ್ಲ. ಆ ಸ್ವರವೂ ಕೀರಿದರೆ ರೀಡು, ತುಟಿಗಳ ವಿಚಾರಣೆ ನಡೆಯಲಿ. ಅದು ತಿಳಿಯಾಗಿದ್ದು, ಒಂದೇ ಸ್ವರದ ಮೇಲೆ, ಒಂದೇ ತಿರುವಿನಲ್ಲಿ ಪ್ರತಿ ಸಲ ಚೀರಿದರೆ ಹೊಸ ರೀಡಿನ ಡಬ್ಬ ಕೊಂಡು ಪ್ರಯೋಜನವಿಲ್ಲ.

ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಈ ವಾದ್ಯದ ಮಟ್ಟಿಗೆ ಸ್ವಲ್ಪ ಕ್ರೂರ, ಏಕೆಂದರೆ ನೆಲ ನಿಜವಾಗಿಯೂ ಡೊಂಕಾಗಿರುವುದುಂಟು. ಕೀಗಳಡಿಯ ಪ್ಯಾಡ್ ಹಳತಾಗಿ ಅಂಚು ಹರಿದರೆ, ಸ್ಪ್ರಿಂಗ್ ಸೋತರೆ, ಎಷ್ಟೇ ಚೊಕ್ಕ ಬೆರಳಿದ್ದರೂ ಗಾಳಿ ಸೋರುತ್ತದೆ. ವಾದ್ಯದ ಮೇಲ್ತುಂಡನ್ನು ಬಿಚ್ಚಿ, ರಂಧ್ರಗಳನ್ನು ಮುಚ್ಚಿ, ಕೆಳತುದಿಗೆ ಅಂಗೈ ಒತ್ತಿ ಮೇಲಿನಿಂದ ಗಾಳಿ ಹೀರಿ ನೋಡಬೇಕು. ಒಂದೆರಡು ಗಳಿಗೆ ನಿರ್ವಾತ ನಿಂತು, ಅಂಗೈ ಎತ್ತಿದಾಗ 'ಟಪ್' ಎಂದರೆ ನೆಲ ಸಮ.

ಗಟ್ಟಿಯಾದ ಆಕ್ಷೇಪ ನಮ್ಮ ಸಂಗೀತದಿಂದಲೇ ಬರುತ್ತದೆ. ರಾಯಚೂರಿನ ನರಸಿಂಹಲು ವಡವಾಟಿ ಅವರು ಹಿಂದೂಸ್ತಾನಿ ಮೀಂಡನ್ನೂ, ಎ.ಕೆ.ಸಿ. ನಟರಾಜನ್ ಕರ್ನಾಟಕ ಸಂಗೀತದ ಗಮಕವನ್ನೂ ಇದೇ ಕೊಳವೆಯಲ್ಲಿ ನುಡಿಸಿದವರು. ಬೆರಳನ್ನು ರಂಧ್ರದಿಂದ ಮೆಲ್ಲಮೆಲ್ಲನೆ ಸರಿಸದೆ ಜಾರುವ ಸ್ವರ ಹೇಗೆ ಬಂದೀತು? 1924ರಲ್ಲಿ ನ್ಯೂಯಾರ್ಕಿನಲ್ಲಿ ಗರ್ಶ್ವಿನ್ನನ 'ರಾಪ್ಸಡಿ ಇನ್ ಬ್ಲೂ' ಮೊದಲ ಸಲ ಕೇಳಿಬಂದಾಗ ರಾಸ್ ಗೋರ್ಮನ್ ಆರಂಭದಲ್ಲೇ ಕ್ಲಾರಿನೆಟ್ಟನ್ನು ಜಾರಿಸಿದ್ದೂ ಬೆರಳು, ಗಂಟಲುಗಳ ಇದೇ ಬಗೆಯ ಆಟದಿಂದ. ಅರೆತೆರೆದ ರಂಧ್ರವೇ ಅಪರಾಧಿಯಾಗಿದ್ದರೆ ಅಲ್ಲೆಲ್ಲ ಬರೀ ಚೀರಾಟ ಕೇಳಬೇಕಿತ್ತು. ಉತ್ತರ ಇರುವುದು ಸೋರಿಕೆಯ ಜಾಗದಲ್ಲಿ. ಮುಚ್ಚಿದ ರಂಧ್ರಗಳ ಸಾಲಿನಲ್ಲಿ ಕಟ್ಟಕಡೆಯದು ಮೆಲ್ಲಗೆ ತೆರೆದರೆ ಕೊಳವೆ ಅಷ್ಟಷ್ಟೇ ಗಿಡ್ಡವಾದಂತಾಗಿ ಶ್ರುತಿ ಏರುತ್ತದೆ, ಅಷ್ಟೆ. ಕೆಳಗಿನವು ಮುಚ್ಚಿರುವಾಗಲೇ ನಡುವಿನದೊಂದು ಸೋರಿದರೆ ಅದು ರೆಜಿಸ್ಟರ್ ಕೀಯ ಕೆಲಸ ಮಾಡಿಬಿಡುತ್ತದೆ. ಇದನ್ನು ಯಾವ ಕಛೇರಿಯಲ್ಲೂ ಕಣ್ಣಾರೆ ನೋಡಬಹುದು. ಗಾಂಧಾರದಿಂದ ಮಧ್ಯಮಕ್ಕೆ ತೂಗಾಡುವ ಆ ಒಂದು ಬೆರಳನ್ನು ಎಲ್ಲರೂ ನೋಡುತ್ತಾರೆ. ನೀವು ಅದರ ಮೇಲಿನ ಬೆರಳುಗಳ ಮೇಲೆ ಕಣ್ಣಿಡಿ. ಕೆಳಗೆ ಅಷ್ಟು ಓಲಾಟ ನಡೆದಿದ್ದರೂ ಅವು ಮರಕ್ಕೆ ಅಂಟಿಕೊಂಡ ಹಾಗೆ ಕುಳಿತಿರುತ್ತವೆ.