ಬೈಜುವಿನ ಗಿಟಾರು, ಅಮ್ಮನ ವೀಣೆ

ಕೊಚ್ಚಿಗೆ ಬಂದ ಹೊಸದರಲ್ಲಿ ಸಹೋದ್ಯೋಗಿಯೊಬ್ಬ ಮದರ್‌ಜೇನ್ ಬ್ಯಾಂಡಿನ 2008ರ ‘ಮಕ್ತೂಬ್’ ಆಲ್ಬಂ ಕೇಳಿಸಿದ. ಇದೇ ಊರಿನ ರಾಕ್ ಬ್ಯಾಂಡು. ಡ್ರಮ್ಮು, ಅಬ್ಬರ ಎಲ್ಲ ಕಾಲೇಜಿನಲ್ಲಿ ಕೇಳಿ ಬಂದದ್ದೇ. ಆದರೆ ಬೈಜು ಧರ್ಮಜನ್ ಅವರ ಗಿಟಾರು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ರೀತಿ ಮಾತ್ರ ಮೈಸೂರಿನ ನಮ್ಮ ನಡುಮನೆಯದು. ಎಂಟೆಕ್ ಓದುವಾಗ ಕೊಂಡಿದ್ದ ಗಿಟಾರಿಗೆ ಹೊಸ ತಂತಿ ಹಾಕಿ, ಇವರ ಹಾಗೆ ನುಡಿಸಬೇಕು ಅಂತ ಕೂತೆ. ಆಗ ನನಗೆ ನಲವತ್ತೆರಡು.

ನಾವಿರುವುದು ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ, ಹೆಂಡತಿಯ ಕ್ವಾರ್ಟರ್ಸಿನಲ್ಲಿ. ಬಂದರು ಆಳ ಮಾಡಲು ತೋಡಿದ ಹೂಳು ಸುರಿದು ಎಬ್ಬಿಸಿದ ದ್ವೀಪ. ಉಪ್ಪುಗಾಳಿಗೆ ತಂತಿ ಮೂರೇ ವಾರಕ್ಕೆ ತುಕ್ಕು ಹಿಡಿಯುತ್ತೆ, ತುಕ್ಕು ಹಿಡಿದ ತಂತಿ ಎಳೆದರೆ ಬೆರಳು ಉರಿಯುತ್ತೆ. ಈ ಶೈಲಿಯಲ್ಲಿ ಎಳೆಯದೆ, ಜಾರಿಸದೆ ಒಂದು ಸಾಲೂ ಮುಗಿಯುವುದಿಲ್ಲ.

ಗಿಟಾರಿನವರು ಟ್ಯಾಬ್ ನೋಡಿ ಕಲಿಯುತ್ತಾರೆ. ಯಾವ ತಂತಿ, ಎಷ್ಟನೇ ಫ್ರೆಟ್ಟು ಎಂದು ಅಂಕಿಯಲ್ಲಿ ಬರೆದ ನಕ್ಷೆ ಅದು. ಬೆರಳು ಎಲ್ಲಿ ಮುಟ್ಟಬೇಕೆಂದು ಹೇಳುತ್ತೆ, ಅಲ್ಲಿಗೆ ಹೇಗೆ ಹೋಗಬೇಕೆಂದು ಹೇಳುವುದಿಲ್ಲ. (ನಾನು ಬರೆಯುವ ಪ್ರಾಜೆಕ್ಟ್ ಪ್ಲಾನುಗಳೂ ಹೀಗೇ ಅಂತ ನನ್ನ ಟೀಮಿನವರ ದೂರು.) ಟೆಕ್ನೋಪಾರ್ಕಿನ ಕೆಲಸಕ್ಕೆ ತಿರುವನಂತಪುರಕ್ಕೆ ಹೋಗುವಾಗಲೆಲ್ಲ ರೈಲಿನಲ್ಲಿ ಸೋಲೋಗಳನ್ನು ಅರ್ಧ ವೇಗಕ್ಕಿಳಿಸಿ ಕೇಳುತ್ತಿದ್ದೆ, ಎಡಗೈ ಕೊಡೆಯ ಹಿಡಿ ಮೇಲೆ. ಟ್ಯಾಬಿನಲ್ಲಿ ಒಂದು ಅಂಕಿ ಇರುವ ಕಡೆ ಕಿವಿಗೆ ಮೂರು ನಾಲ್ಕು ಸ್ವರ ಸಿಗುತ್ತಿತ್ತು.

ಅಮ್ಮ ಮೈಸೂರು ಬಾನಿಯ ವೀಣೆ ಕಲಿತವಳು. ಅಪ್ಪ ಹೋದಮೇಲೆ ನಮ್ಮ ಜೊತೆಗಿದ್ದಾಳೆ. ಮಲಯಾಳಂ ಬಾರದು, ಕಿವಿಯೂ ಮಂದವಾಗುತ್ತಿದೆ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತೇವೆ, ಗ್ರಾಫಿನ ಗೆರೆ ಬಲಬದಿಯಲ್ಲಿ ಪ್ರತಿಸಲ ಇನ್ನಷ್ಟು ಕೆಳಗಿಳಿದಿರುತ್ತೆ. ಕಳೆದ ಸಲದ ಗ್ರಾಫ್ ನೋಡಿದ ದಿನ ನಾನು ಹೆಡ್‌ಫೋನ್ ತೆಗೆದಿಟ್ಟು ಗಿಟಾರನ್ನು ಆಂಪ್ಲಿಫೈಯರಿಗೆ ಹಾಕಿದೆ.

‘ಅದೇನೋ, ಎಲ್ಲಾ ಸ್ವರಾನೂ ಅಲ್ಲಾಡಿಸ್ತೀಯಾ? ಷಡ್ಜ, ಪಂಚಮ ಅಲ್ಲಾಡಲ್ಲ ಕಣೋ.’

ರಾಕ್‌ನಲ್ಲಿ ಉದ್ದ ಸ್ವರ ಬಂದರೆ ಸಾಕು, ವೈಬ್ರೆಟೋ ಕೊಡುವುದು ರೂಢಿ. ಕಂಪಿತ ಹಾಗಲ್ಲ, ಯಾವ ರಾಗದಲ್ಲಿ ಯಾವ ಸ್ವರ ಎಷ್ಟು ಅಲುಗಬೇಕೆಂದು ಲೆಕ್ಕವಿದೆ. ಅಮ್ಮ ನನ್ನನ್ನು ಮಾಯಾಮಾಳವಗೌಳದ ಸರಳೆ ವರಸೆಗೆ ಕೂರಿಸಿದಳು. ಎಂಟನೇ ವಯಸ್ಸಿನಲ್ಲಿ ಕ್ರಿಕೆಟ್ಟಿಗಾಗಿ ಬಿಟ್ಟು ಓಡಿದ್ದ ಪಾಠ, ಡಿಸ್ಟಾರ್ಷನ್ ಹಾಕಿಕೊಂಡು.

ವೀಣೆಯ ಮೆಟ್ಟಿಲುಗಳು ಎತ್ತರ, ತಂತಿ ಧಾರಾಳವಾಗಿ ಎಳೆಯಬಹುದು. ಗಿಟಾರಿನ ಫ್ರೆಟ್ಟು ಗಿಡ್ಡ. ‘ಶಕ್ತಿ’ ತಂಡಕ್ಕಾಗಿ ಜಾನ್ ಮೆಕ್‌ಲಾಫ್ಲಿನ್ ಫ್ರೆಟ್ಟುಗಳ ನಡುವಿನ ಮರವನ್ನೇ ಕೆತ್ತಿಸಿಕೊಂಡಿದ್ದರು. ಆದರೆ ವೀಣೆಗಿಲ್ಲದ ಒಂದು ಸೌಕರ್ಯ ಇಲ್ಲಿದೆ. ವೀಣೆಯ ನಾದ ಬೇಗ ಇಳಿದುಹೋಗುತ್ತೆ, ಅದರೊಳಗೇ ಗಮಕ ಮುಗಿಸಬೇಕು. ಡಿಸ್ಟಾರ್ಷನ್ನಿನಲ್ಲಿ ನಾದ ನಿಂತೇ ಇರುತ್ತೆ. ಹಾಡುವವರ ಹಾಗೆ ಒಂದೇ ಉಸಿರಿನಲ್ಲಿ ಜಾರಬಹುದು. ಬೈಜು ಕೈಯಲ್ಲಿ ಗಿಟಾರು ಹಾಡಿದ ಹಾಗಿರುವುದಕ್ಕೆ ಅರ್ಧ ಕಾರಣ ಇದು ಅಂತ ನನ್ನ ಅಂದಾಜು. ಉಳಿದರ್ಧ ಕೈಯಲ್ಲಿದೆ, ಅದು ಅಂಗಡಿಯಲ್ಲಿ ಸಿಗಲ್ಲ.

‘ಇಷ್ಟು ಹೊತ್ತು ನಿಲ್ಲತ್ತಾ?’ ಅಂದಳು ಅಮ್ಮ ಒಂದು ಸಂಜೆ. ಧ್ವನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿತ್ತು.

ಎರಡು ವರ್ಷಕ್ಕೆ ಒಂದು ಸೋಲೋದ ಎಂಟು ಸಾಲು ಕೈಗೆ ಬಂದಿವೆ. ಸಹೋದ್ಯೋಗಿ ಕೇಳಿ, ‘ಬೈಜು ಚೇಟ್ಟನ್ ಥರ ಇದೆ, ಆದರೆ ವಯಸ್ಸಾದ ಬೈಜು ಚೇಟ್ಟನ್’ ಅಂದ. ಹಡಗು ಕಾಣುವ ಕಿಟಕಿಯ ಹತ್ತಿರವಿದ್ದ ಅಮ್ಮನ ಕುರ್ಚಿ ಈಗ ಆಂಪ್ಲಿಫೈಯರಿನ ಪಕ್ಕ ಬಂದಿದೆ. ತೆಳು ತಂತಿಗಳಲ್ಲಿ ನುಡಿಸಿದ್ದು ಸರಿಯಾಗಿ ಕೇಳಿಸಲ್ಲ ಅನ್ನುತ್ತಾಳೆ. ಅದಕ್ಕೇ ಈಗ ಆ ಎಂಟು ಸಾಲನ್ನೂ ಒಂದು ಸ್ಥಾಯಿ ಕೆಳಗೆ, ದಪ್ಪ ತಂತಿಗಳಿಗೆ ಇಳಿಸುತ್ತಿದ್ದೇನೆ. ಅಲ್ಲಿ ಎಳೆಯುವುದು ಇನ್ನೂ ಕಷ್ಟ. ಮೂರು ಸಾಲು ಆಗಿದೆ.