ಗಾಳಿ ಊರ ಕಡೆಗೈತೆ, ಇಕ್ತೀಯಾ?

1975ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಆಟಗಾರರ ಸಮಾವೇಶವೊಂದು ನಡೆಯಿತು. ಗ್ಯಾರಿ ಗೈಗ್ಯಾಕ್ಸ್ ಅಲ್ಲಿಗೆ ಒಂದು ಗೋರಿಯನ್ನೇ ಕಟ್ಟಿಕೊಂಡು ಹೋದ. ಕಾಗದದ ಮೇಲಿನ ಗೋರಿ. ಹೆಸರು ‘ಟೂಂಬ್ ಆಫ್ ಹಾರರ್ಸ್’. ಅದರ ಹಜಾರದ ಕೊನೆಯಲ್ಲಿ ಹಸಿರು ಪಿಶಾಚಿಯ ಮುಖವೊಂದು ಬಾಯಿ ತೆರೆದುಕೊಂಡಿದೆ. ಒಳಗೆ ಬರೀ ಕತ್ತಲು. ಅದನ್ನು ಸುರಂಗವೆಂದು ತಿಳಿದು ಒಳಗೆ ಹಾರಿದವನು ಸತ್ತ ಎಂದರೂ ಸಾಲದು, ಅವನು ಅಳಿದೇ ಹೋದ, ಹೆಣವೂ ಸಿಗುವುದಿಲ್ಲ. ತಮ್ಮ ಪಾತ್ರಗಳನ್ನು ಯಾರೂ ಮುಟ್ಟಲಾರರೆಂದು ಬೀಗುತ್ತಿದ್ದವರಿಗೆಂದೇ ಗೈಗ್ಯಾಕ್ಸ್ ಈ ಗೋರಿಯನ್ನು ಹೆಣೆದಿದ್ದ. 1978ರಲ್ಲಿ ಅದು ಪುಸ್ತಕವಾಗಿ ಅಚ್ಚಾಯಿತು. ಇವತ್ತಿಗೂ ಆ ಮುಖದ ಹೆಸರೆತ್ತಿದರೆ ಹಳೆಯ ಆಟಗಾರರು ನಗುತ್ತಾರೆ, ಜೊತೆಗೆ ಸ್ವಲ್ಪ ಹಲ್ಲೂ ಕಡಿಯುತ್ತಾರೆ.

ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟಕ್ಕೆಂದು ಕಟ್ಟಿದ ಗೋರಿ ಅದು. ಆಟ ಆಗಿನ್ನೂ ಹಸುಗೂಸು. ಆಟದ ಬಗೆ ಹೇಳಲು ಸುಲಭ. ನಾಲ್ಕೈದು ಜನ ಸುತ್ತ ಕೂರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ: ಕತ್ತಿವೀರ, ಮಂತ್ರವಾದಿ, ಕಳ್ಳ. ಇನ್ನೊಬ್ಬ ಗೇಮ್ ಮಾಸ್ಟರ್. ಉಳಿದ ಲೋಕವೆಲ್ಲ ಅವನೇ. ಬೆಟ್ಟ, ಮಳೆ, ಅರಸ, ಅರಸನ ನಾಯಿ, ನಾಯಿಗೆ ಅನ್ನ ಹಾಕುವ ಅಜ್ಜಿ, ಎಲ್ಲವೂ ಅವನ ಬಾಯಲ್ಲಿ. ‘ನಾನು ಹೀಗೆ ಮಾಡ್ತೀನಿ’ ಎಂದು ಆಟಗಾರ ಹೇಳುತ್ತಾನೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ.

ಈ ಮಾಸ್ಟರ್‌ಗಿರಿಯ ನಿಜವಾದ ರುಚಿ ಇರುವುದು ರಾಕ್ಷಸರನ್ನು ಕುಣಿಸುವುದರಲ್ಲಲ್ಲ. ಯಾವನೋ ಒಬ್ಬ ಹಿಂದೆಮುಂದೆ ನೋಡದೆ ಅರಸನ ಮೀಸೆಗೆ ಕೈ ಹಾಕಿದಾಗ ಮುಂದೇನು ಎಂಬುದರಲ್ಲಿದೆ. ಹೊಸದಾಗಿ ಆಟ ನಡೆಸುವವರು ಇಲ್ಲಿ ಎರಡರಲ್ಲೊಂದು ಮಾಡುತ್ತಾರೆ. ಒಂದೋ ‘ಅದೆಲ್ಲ ಆಗಲ್ಲ’ ಎಂದು ಕೈ ಹಿಡಿಯುತ್ತಾರೆ, ಇಲ್ಲವೇ ಎಲ್ಲಿಂದಲೋ ಐವತ್ತು ಸಿಪಾಯಿಗಳನ್ನು ಇಳಿಸಿ ಅವನನ್ನು ಹೊಡೆಸುತ್ತಾರೆ. ಎರಡೂ ಸೋಮಾರಿತನವೇ. ಪಳಗಿದವರು ಮೊದಲು ಪ್ರಶ್ನೆ ಕೇಳುತ್ತಾರೆ.

ಬಳ್ಳಾರಿ ಸೀಮೆಯ ದೊಡ್ಡಾಟ ನೋಡಿದವರಿಗೆ ಇದು ಹೊಸತೇನಲ್ಲ. ವೇಷಧಾರಿ ಕುಣಿಯುತ್ತ ರಂಗಕ್ಕೆ ಬಂದೊಡನೆ ಸಾರಥಿ ಅಡ್ಡ ನಿಂತು, ತಾವು ಯಾರು, ಯಾವ ಪಟ್ಟಣಕ್ಕೆ ಅರಸರು, ಇಲ್ಲಿಗೆ ಬಂದ ಕಾರಣವೇನು ಎಂದು ಒಂದೊಂದಾಗಿ ಕೇಳುತ್ತಾನೆ. ರಕ್ಕಸನ ಬಾಯಿ ಮುಚ್ಚಿಸುವ ಉದ್ದೇಶ ಅವನಿಗಿಲ್ಲ. ಕೇಳಿದಷ್ಟೂ ರಕ್ಕಸ ಜಂಬ ಕೊಚ್ಚುತ್ತಾನೆ. ಕೊಚ್ಚಿದ್ದಕ್ಕೆಲ್ಲ ಊರವರೇ ಸಾಕ್ಷಿ. ಮುಂದೆ ಯುದ್ಧದಲ್ಲಿ ಅವನು ಬೀಳುವಾಗ ಆ ಮಾತುಗಳೂ ಅವನ ಜೊತೆಗೇ ಬೀಳುತ್ತವೆ. ಅಮೆರಿಕದ ಕೈಪಿಡಿಗಳು ಪುಟಗಟ್ಟಲೆ ವಿವರಿಸುವ ಈ ಉಪಾಯ ನಮ್ಮ ಕಡೆಯ ಅಟ್ಟದ ಮೇಲೆ ರಾತ್ರಿಯಿಡೀ ನಡೆಯುತ್ತಿತ್ತು.

ಅಂದಮೇಲೆ ಆಟಕ್ಕೆ ಯುರೋಪಿನ ಕೋಟೆಯೇ ಏಕೆ ಬೇಕು? ರಾಯದುರ್ಗವಿದೆ. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು, ಆಂಧ್ರ ರಾಜ್ಯವಾದಾಗ ಅನಂತಪುರಕ್ಕೆ ಸೇರಿದ ಊರು. ಬೆಟ್ಟದ ಮೇಲೆ ಸುತ್ತಿನ ಮೇಲೆ ಸುತ್ತು ಗೋಡೆ, ಬಂಡೆಗಳ ನಡುವೆ ರಸಸಿದ್ಧರದೆನ್ನುವ ಗವಿಗಳು. ದಕ್ಷಿಣಕ್ಕೆ ಕಲ್ಯಾಣದುರ್ಗ, ಪಾವಗಡ ದಾಟಿದರೆ ಮಡಕಶಿರಾ. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕನ್ನಡ ತೆಲುಗು ಎರಡೂ ಒಂದೇ ಉಸಿರಿನಲ್ಲಿ ಹೊರಡುವ ಈ ಸೀಮೆಯಲ್ಲಿ ಕಳ್ಳಸುರಂಗ, ಶಾಸನ, ಹುಗಿದ ಹೊನ್ನಿನ ಕಥೆಗಳನ್ನು ಹೊಸದಾಗಿ ಕಟ್ಟಬೇಕಾಗಿಲ್ಲ.

ನಕ್ಷೆ ಹರಡಿಕೊಂಡು ಆಟ ಹೂಡಿದರೆ ಹೀಗೆ ನಡೆದೀತು. ಆಷಾಢ ಮಾಸ. ಆಟಗಾರರ ತಂಡ ದುರ್ಗದ ಕೆಳಗಿನ ಹಟ್ಟಿಗೆ ಬಂದಿದೆ. ಬಾಗಿಲ ಕಾವಲಿನವನು ಒಳಗೆ ಬಿಡಲಿಲ್ಲ. ಕತ್ತಿವೀರನ ಪಾತ್ರದವನಿಗೆ ರೇಗಿತು.

“ಅಲ್ಲಿರೋ ಬಣವೆಗೆ ಬೆಂಕಿ ಇಕ್ತೀನಿ ಕಣಣ್ಣಾ. ಕಾವಲಿನೋನು ಆ ಕಡೆ ಓಡ್ತಾನೆ, ನಾವು ನುಗ್ಗಾನ.”

ಮಾಸ್ಟರ್ ಬೇಡವೆನ್ನುವುದಿಲ್ಲ. “ಗಾಳಿ ಊರ ಕಡೆಗೈತೆ. ಇಕ್ತೀಯಾ?” ಎಂದಷ್ಟೇ ಕೇಳುತ್ತಾನೆ.

ಈ ಕಸುಬಿನ ಜೀವಾಳವೇ ಆ ಒಂದು ಪ್ರಶ್ನೆ. ಆಷಾಢದ ಗಾಳಿ ಎಂಥದೆಂದು ಪಾತ್ರಕ್ಕೆ ಗೊತ್ತು. ಫ್ಯಾನಿನ ಕೆಳಗೆ ಕೂತ ಆಟಗಾರನಿಗೆ ಮರೆತಿರಬಹುದು. ಪಾತ್ರಕ್ಕೆ ಗೊತ್ತಿರಬೇಕಾದದ್ದನ್ನು ಆಟಗಾರನ ಕಿವಿಗೆ ಹಾಕಿ ಆಮೇಲೆ ದಾಳ ಕೊಡಬೇಕು. ಜಾನ್ ಹಾರ್ಪರ್ ರೂಪಿಸಿದ ‘ಬ್ಲೇಡ್ಸ್ ಇನ್ ದ ಡಾರ್ಕ್’ ಎಂಬ ಆಟದಲ್ಲಿ ಇದು ನಿಯಮವೇ ಆಗಿದೆ. ದಾಳ ಬೀಳುವ ಮೊದಲೇ ಕೆಲಸ ಹಿಡಿತದಲ್ಲಿದೆಯೋ, ಅಪಾಯದ್ದೋ, ಪ್ರಾಣಕ್ಕೇ ಬಂದದ್ದೋ ಎಂದು ಬಾಯಿಬಿಟ್ಟು ಹೇಳಬೇಕು. ಗೈಗ್ಯಾಕ್ಸನ ಹಸಿರು ಮುಖದ ಮೇಲೆ ಹಲವರಿಗೆ ಸಿಟ್ಟಿರುವುದೂ ಇದೇ ಕಾರಣಕ್ಕೆ. ಕೋಲು ತೂರಿಸಿ ನೋಡುವ ಬುದ್ಧಿ ಇದ್ದವನು ಉಳಿದುಕೊಂಡಾನು ನಿಜ, ಆದರೆ ಗಾಳಿಯ ಸುದ್ದಿಯನ್ನು ಅಲ್ಲಿ ಯಾರೂ ಹೇಳುವುದಿಲ್ಲ.

ಕತ್ತಿವೀರ ಬೆಂಕಿ ಇಟ್ಟ ಎನ್ನಿ. ದಾಳ ಕೈಕೊಟ್ಟಿತು. ಬಣವೆ ಉರಿಯಿತು, ಪಕ್ಕದ್ದೂ ಉರಿಯಿತು, ಎರಡು ಹುಲ್ಲಿನ ಮನೆಗೂ ಹತ್ತಿತು. ಗಲಾಟೆಯಲ್ಲಿ ತಂಡವೇನೋ ಒಳಗೆ ನುಗ್ಗಿತು. ಆಟಗಾರರು ಚಪ್ಪಾಳೆ ತಟ್ಟುತ್ತಾರೆ. ಮಾಸ್ಟರ್ ಅವರ ಖುಷಿಗೆ ಅಡ್ಡ ಬಾರದೆ ತನ್ನ ಪುಸ್ತಕದಲ್ಲಿ ಸದ್ದಿಲ್ಲದೆ ಒಂದು ವೃತ್ತ ಬರೆದು ಆರು ಭಾಗ ಮಾಡುತ್ತಾನೆ. ಇದನ್ನು ಗಡಿಯಾರ ಎನ್ನುತ್ತಾರೆ. ಹಾರ್ಪರನ ಆಟದಿಂದಲೇ ಇದು ಹೆಸರಾಯಿತು. ಈ ಗಡಿಯಾರಕ್ಕೆ ಅವನಿಡುವ ಹೆಸರು ‘ಮೇವು’. ಹೊಸ ಮೇವು ಬರಲು ಇನ್ನೂ ತಿಂಗಳುಗಳಿವೆ. ಹಟ್ಟಿಯವರು ದನ ಹೊಡೆದುಕೊಂಡು ತೆಂಕಲಿಗೆ ಹೊರಟರೆ ಒಂದು ಭಾಗ ತುಂಬಿತು. ಬೇರೆ ಊರಿನವರ ಹುಲ್ಲುಗಾವಲಿನಲ್ಲಿ ದನ ಮೇಯಿಸಿ ಜಗಳವಾದರೆ ಇನ್ನೊಂದು. ಆರೂ ತುಂಬುವ ಹೊತ್ತಿಗೆ ಬಣವೆಯ ವಿಷಯ ಆಟಗಾರರ ನೆನಪಿನಲ್ಲಿ ಇರುವುದೇ ಇಲ್ಲ.

ತಡವಾಗಿ ಬರುವ ಫಲವೇ ಹೆಚ್ಚು ನಂಬುವಂಥದು. ಬೇಕಿದ್ದರೆ ರಾಯದುರ್ಗದ ಚರಿತ್ರೆಯನ್ನೇ ನೋಡಬಹುದು. ಬ್ರಿಟಿಷರ ಕಾಲದ ಗೆಜೆಟಿಯರ್ ಹೇಳುವ ಪ್ರಕಾರ, ದುರ್ಗದಲ್ಲಿ ಬೇಡರ ಹಾವಳಿ ಹೆಚ್ಚಿದಾಗ ವಿಜಯನಗರದ ಅರಸ ಭೂಪತಿರಾಯನೆಂಬ ಅಧಿಕಾರಿಯನ್ನು ಕಳಿಸಿದ. ಅವನು ಬೇಡರನ್ನು ಓಡಿಸಿ ತಾನೇ ಅಲ್ಲಿ ಆಳಿದ. ಬೆಟ್ಟಕ್ಕೆ ಅವನ ಹೆಸರೇ ಬಂತು. ಇದಕ್ಕಿಂತ ಒಳ್ಳೆಯ ತಿರುವನ್ನು ಯಾವ ಮಾಸ್ಟರ್ ಹೊಸೆದಾನು? 1786ರಲ್ಲಿ ಟಿಪ್ಪು ಆದವಾನಿಗೆ ಮುತ್ತಿಗೆ ಹಾಕಿದಾಗ ರಾಯದುರ್ಗದ ವೆಂಕಟಪತಿ ನಾಯಕ ಟಿಪ್ಪುವಿನ ನೆರವಿಗೆ ಹೋಗಲಿಲ್ಲ. ಆದವಾನಿಯ ಕೆಲಸ ಮುಗಿದ ಮೇಲೆ ಟಿಪ್ಪು ರಾಯದುರ್ಗದ ಕಡೆ ತಿರುಗಿದ. ದುರ್ಗ ಹೋಯಿತು, ನಾಯಕ ಸೆರೆಯಾದ. 1799ರಲ್ಲಿ ಟಿಪ್ಪು ಮಡಿದಾಗ ಅದೇ ಮನೆತನದ ರಾಜಗೋಪಾಲ ನಾಯಕ ದುರ್ಗವನ್ನು ಮತ್ತೆ ವಶಮಾಡಿಕೊಂಡ. ನಿಜಾಮನ ಕಡೆಯವರು ಅವನನ್ನು ಹೈದರಾಬಾದಿಗೆ ಒಯ್ದರು. ಮರುವರ್ಷ ಸೀಮೆ ಕಂಪನಿಯ ಪಾಲಾಯಿತು. ಒಂದು ‘ಒಲ್ಲೆ’ಯ ಹಿಂದೆ ಇಷ್ಟೆಲ್ಲ ಸಾಲುಗಟ್ಟಿ ಬಂತು. ಆ ‘ಒಲ್ಲೆ’ ದುಡುಕೋ ಸ್ವಾಭಿಮಾನವೋ ಎಂದು ಈಗಲೂ ಜಗಳ ಆಡಬಹುದು. ಆಟದಲ್ಲೂ ಅಂಥ ಜಗಳಕ್ಕೆ ಎಡೆಯಿರಬೇಕು.

ಮತ್ತೆ ಆಟಕ್ಕೆ ಬಂದರೆ, ತಂಡ ಕೆಲವು ವಾರಗಳ ಮೇಲೆ ಮಡಕಶಿರಾ ಸೀಮೆಯ ಹೇಮಾವತಿಗೆ ತಲುಪಿದೆ. ಹಳೆಯ ಹೆಂಜೇರು, ನೊಳಂಬರ ರಾಜಧಾನಿ. ನೊಳಂಬರ ಗುಡಿಯೂ ಪಾಳೆಯಗಾರರ ಕೋಟೆಯೂ ಒಂದೇ ಕಾಲದಲ್ಲಿ ಬಂದವೆಂದು ಇತಿಹಾಸದ ಮೇಷ್ಟ್ರುಗಳು ಮುನಿಯಬಾರದು, ಇಲ್ಲಿ ಮಂತ್ರವಾದಿಗಳೂ ಇದ್ದಾರೆ. ಗುಡಿಯ ಒಳದಾರಿ ತೋರಿಸಬಲ್ಲವನು ದನಗಾಹಿ ಮುದುಕ ಒಬ್ಬನೇ. ಅವನು ರಾಯದುರ್ಗದ ಹಟ್ಟಿಯಿಂದ ಬಂದವನು. ಯಾರು ಬೆಂಕಿ ಇಟ್ಟರೆಂದು ಅವನಿಗೆ ಗೊತ್ತಿಲ್ಲ. “ಆ ಪಾಪಿ ಸಿಕ್ಕರೆ ಹೇಳ್ರಪ್ಪಾ” ಎಂದು ತಂಡಕ್ಕೇ ಅಂಬಲಿ ಕೊಡುತ್ತಾನೆ. ಐವತ್ತು ಸಿಪಾಯಿಗಳಿಂದ ಆಗದ ಕೆಲಸವನ್ನು ಆ ಅಂಬಲಿ ಮಾಡಿಬಿಡುತ್ತದೆ. ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕತ್ತಿವೀರ ದಾಳ ತಿರುವುತ್ತ ಕೂರುತ್ತಾನೆ.

ಲೂಟಿಯದೂ ಇದೇ ಲೆಕ್ಕ. ಹೇಮಾವತಿಯ ಕೆತ್ತನೆಯ ಕಂಬವೊಂದನ್ನು ಹೊತ್ತೊಯ್ಯುತ್ತೇನೆಂದು ಯಾವನಾದರೂ ಹೊರಟರೆ ನಗುವಂತಿಲ್ಲ. ಚೋಳರು ಗೆದ್ದು ಸಾಗಿಸಿದ ನೊಳಂಬರ ಕಂಬಗಳು ಇವತ್ತಿಗೂ ತಿರುವೈಯಾರಿನ ದೇವಸ್ಥಾನದಲ್ಲಿ ನಿಂತಿವೆ. ಮಾಸ್ಟರ್ ಕೇಳಬೇಕಾದ್ದು ಇಷ್ಟೇ: ಗಾಡಿ ಎಷ್ಟು, ಎತ್ತು ಎಷ್ಟು, ದಾರಿಯಲ್ಲಿ ಕಂಡವರಿಗೆ ಏನು ಹೇಳ್ತೀರಿ?

ಕೆಲವೊಮ್ಮೆ ಮಾಸ್ಟರ್ ಏನೂ ಮಾಡಬೇಕಾಗಿಲ್ಲ, ಮುಖದಲ್ಲಿ ಗಾಂಭೀರ್ಯ ಉಳಿಸಿಕೊಂಡರೆ ಸಾಕು. ಈ ಆಟದವರ ವಲಯದಲ್ಲಿ ಓಡಾಡುವ ಕಥೆಯೊಂದಿದೆ. ವೆಕ್ನಾ ಎಂಬ ಮಾಂತ್ರಿಕನ ಕೈಯನ್ನೋ ಕಣ್ಣನ್ನೋ ತನ್ನದನ್ನು ತೆಗೆದು ಅಂಟಿಸಿಕೊಂಡವನಿಗೆ ಮಹಾಶಕ್ತಿ ಬರುತ್ತದೆಂಬುದು ಆಟದೊಳಗಿನ ನಂಬಿಕೆ. ಒಂದು ತಂಡ ತಮಾಷೆಗೆ ‘ವೆಕ್ನಾನ ತಲೆ’ಯೂ ಇದೆಯೆಂದು ಸುದ್ದಿ ಹಬ್ಬಿಸಿತು. ಇನ್ನೊಂದು ತಂಡ ಹುಡುಕಿಕೊಂಡು ಹೋಗಿ ಆ ಸುಳ್ಳು ತಲೆಯನ್ನು ಪತ್ತೆಯೂ ಮಾಡಿತು. ಅದನ್ನು ಅಂಟಿಸಿಕೊಳ್ಳಲು ತನ್ನ ತಲೆಯನ್ನೇ ಕಡಿಸಿಕೊಂಡ ಒಬ್ಬ. ಮಾಸ್ಟರ್ ಕಮಕ್ ಕಿಮಕ್ ಅನ್ನಲಿಲ್ಲ.

ಇನ್ನೊಂದು ಬಗೆಯ ದುಡುಕಿದೆ, ಅದಕ್ಕೆ ಆಟದೊಳಗೆ ಮದ್ದಿಲ್ಲ. ಜೊತೆಯವರ ಚೀಲಕ್ಕೆ ಕೈ ಹಾಕುತ್ತ, ಸಂಧಾನಕ್ಕೆ ಬಂದವನನ್ನೆಲ್ಲ ಇರಿಯುತ್ತ, ಕೇಳಿದರೆ “ನನ್ನ ಪಾತ್ರ ಇರೋದೇ ಹಂಗೆ” ಎನ್ನುವವನು ದುಡುಕುತ್ತಿರುವುದು ಪಾತ್ರವಾಗಿ ಅಲ್ಲ, ಮನುಷ್ಯನಾಗಿ. ಅವನ ಮೇಲೆ ಸಿಡಿಲು ಬೀಳಿಸಿದರೆ ಹೊಸ ಪಾತ್ರ ಬರೆದುಕೊಂಡು ಮತ್ತೆ ಅದನ್ನೇ ಮಾಡುತ್ತಾನೆ. ಚಹಾದ ಹೊತ್ತಿಗೆ ಪಕ್ಕಕ್ಕೆ ಕರೆದು ಮಾತಾಡುವುದೇ ಲೇಸು.

ಕೂತು ಮಾತಿನಲ್ಲೇ ಆಡುವ ಆಟ ನಮ್ಮಲ್ಲೂ ಇದೆ. ಕಾಸರಗೋಡಿನ ಕಡೆಯ ತಾಳಮದ್ದಳೆಯಲ್ಲಿ ಮಾತೆಲ್ಲ ಆಶುವಾದರೂ ಭಾಗವತರ ಪದ್ಯ ಮೊದಲೇ ಗೊತ್ತು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಯ ವಾಲಿ ರಾಮನನ್ನು ಎಷ್ಟೇ ಮಾತಿನಲ್ಲಿ ಕಟ್ಟಿಹಾಕಲಿ, ಕೊನೆಗೆ ಅವನು ಸಾಯಲೇಬೇಕು. ದಾಳದ ಆಟದಲ್ಲಿ ಹಾಗಲ್ಲ. ಇಲ್ಲಿನ ವಾಲಿ ಬಾಣ ತಪ್ಪಿಸಿಕೊಂಡು ಮರದ ಹಿಂದಿದ್ದ ರಾಮನನ್ನೇ ಹಿಡಿದರೂ ಹಿಡಿದಾನು. ಆಗ ಲಂಕೆಗೆ ಹೋಗುವವರು ಯಾರು? ಮಾಸ್ಟರನ ತಲೆನೋವೂ ಸುಖವೂ ಅದೇ.

ಅಂಬಲಿ ಕುಡಿದ ಕತ್ತಿವೀರ ಮುಂದೆ ನಿಜ ಒಪ್ಪಿಕೊಂಡನೆನ್ನಿ, ಮುದುಕನ ಮಕ್ಕಳ ದೊಣ್ಣೆಗೆ ಪಾತ್ರ ಸತ್ತಿತೆನ್ನಿ. ಆಟಗಾರನನ್ನು ಕೈಕಟ್ಟಿ ಕೂರಿಸುವುದು ತಪ್ಪು. ರಾಯದುರ್ಗದ ನಾಯಕನ ಕಡೆಯಿಂದ ಬೆಂಕಿ ಹಚ್ಚಿದವರನ್ನು ಹುಡುಕಲು ಬಂದ ದಳವಾಯಿಯ ಪಾತ್ರವನ್ನೇ ಅವನಿಗೆ ಕೊಡಬೇಕು. ಅವನು ತಕ್ಷಣ ಬೆನ್ನು ನೆಟ್ಟಗೆ ಮಾಡಿ ಕೂತು, ನಿನ್ನೆಯವರೆಗಿನ ತನ್ನ ಗೆಳೆಯರನ್ನು ದುರುಗುಟ್ಟಿ ನೋಡಿ, “ಆವತ್ತು ಗಾಳಿ ಯಾವ ಕಡೆಗಿತ್ತು, ಹೇಳ್ರೋ” ಎಂದು ವಿಚಾರಣೆ ಶುರುಮಾಡುತ್ತಾನೆ.