ಲೋಮಂಡ್ ಸರೋವರದ ವಿರಹಗೀತೆ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ಹೊರಟ ನಮ್ಮ ರೈಲು ಒಂದು ಗಂಟೆಯೊಳಗೆ ಬಲಾಖ್ ಎಂಬ ಪುಟ್ಟ ಊರನ್ನು ತಲುಪಿತು. ಲೋಮಂಡ್ ಸರೋವರದ ದಕ್ಷಿಣ ತುದಿ ಅಲ್ಲಿಂದ ಸಮೀಪವೇ. ಸುಮಾರು 71 ಚದರ ಕಿಲೋಮೀಟರು ಹರವಿನ ಈ ಸರೋವರ ವಿಸ್ತಾರದಲ್ಲಿ ಬ್ರಿಟನ್ ದ್ವೀಪಕ್ಕೇ ಮೊದಲನೆಯದು. ಪೂರ್ವದ ದಡದಲ್ಲಿ 974 ಮೀಟರು ಎತ್ತರದ ಬೆನ್ ಲೋಮಂಡ್ ಪರ್ವತ ಮಂಜು ಹೊದ್ದು ನಿಂತಿತ್ತು. ನಾವು ಏರಿದ ದೋಣಿಯಲ್ಲಿ ವೃದ್ಧರೊಬ್ಬರು ಮೆಲುದನಿಯಲ್ಲಿ ಹಾಡತೊಡಗಿದರು, ಉಳಿದವರೂ ದನಿಗೂಡಿಸಿದರು. ಅದು ಈ ಸರೋವರದ ಹೆಸರಿನದೇ ಹಾಡು. ಪ್ರೇಮಿಗಳ ಅಗಲಿಕೆಯ ಸಾಮಾನ್ಯ ಗೀತೆಯೆಂದೇ ನಾವು ಭಾವಿಸಿದ್ದೆವು.

ಆದರೆ ಆ ಹಾಡಿನಲ್ಲಿ ಎರಡು ದಾರಿಗಳ ಪ್ರಸ್ತಾಪವಿದೆ. ಜನರು ಹೇಳುವ ಅರ್ಥ ಹೀಗಿದೆ: ಇಂಗ್ಲೆಂಡಿನ ಗಡಿಯ ಕಾರ್ಲೈಲ್ ಕೋಟೆಯಲ್ಲಿ ಇಬ್ಬರು ಸ್ಕಾಟಿಷ್ ಸೈನಿಕರು ಸೆರೆಯಲ್ಲಿದ್ದರು. ಒಬ್ಬನಿಗೆ ಬಿಡುಗಡೆ, ಮತ್ತೊಬ್ಬನಿಗೆ ಮರಣದಂಡನೆ. ಬದುಕಿದವನು ನೆಲದ ಮೇಲಿನ ದಾರಿಯಲ್ಲಿ ನಡೆಯಬೇಕು. ಪರನಾಡಿನಲ್ಲಿ ಸತ್ತವನ ಆತ್ಮವಾದರೋ ನೆಲದಡಿಯ ಯಕ್ಷಮಾರ್ಗದಿಂದ ಕ್ಷಣದಲ್ಲೇ ತವರು ಸೇರುತ್ತದೆ. ಮೊದಲು ಮುಟ್ಟುವವನು ಸತ್ತವನೇ. ಆದರೆ ಕಾದಿರುವ ನಲ್ಲೆಯನ್ನು ಅವನು ಇನ್ನೆಂದಿಗೂ ಕೂಡಲಾರ.

ಈ ಕಥೆಯೇ ನಮ್ಮನ್ನು ಮರುದಿನ ಕಾರ್ಲೈಲಿಗೆ ಕರೆದೊಯ್ದಿತು. ತನ್ನ ತಂದೆಗೆ ಬ್ರಿಟನ್ನಿನ ಸಿಂಹಾಸನ ದೊರಕಿಸಲೆಂದು ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ 1745ರಲ್ಲಿ ದಂಡೆತ್ತಿ ಬಂದನು. ಡರ್ಬಿಯವರೆಗೆ ಸಾಗಿ ಹಿಮ್ಮೆಟ್ಟುವಾಗ ಕಾರ್ಲೈಲಿನಲ್ಲಿ ಕೆಲವು ನೂರು ಸೈನಿಕರನ್ನು ಕಾವಲಿಗೆ ಬಿಟ್ಟನು. ಡಿಸೆಂಬರ್ 30ರಂದು ಅವರು ಶರಣಾದರು. 1746ರ ಏಪ್ರಿಲ್ 16ರಂದು ಕಲೋಡನ್ ಕದನದಲ್ಲಿ ಅವನ ಸೇನೆಯೇ ನುಚ್ಚುನೂರಾಯಿತು. ಕೋಟೆಯ ನೆಲಮಾಳಿಗೆಯಲ್ಲಿ ಬಾಯಾರಿದ ಸೆರೆಯಾಳುಗಳು ಗೋಡೆಯ ತೇವವನ್ನು ನೆಕ್ಕಿದರೆಂದು ಹೇಳುವ ಕಲ್ಲುಗಳನ್ನು ನಾವು ಕಂಡೆವು. ಸಾಮಾನ್ಯ ಸೈನಿಕರಿಂದ ಚೀಟಿ ಎತ್ತಿಸಿ, ಇಪ್ಪತ್ತರಲ್ಲಿ ಒಬ್ಬನನ್ನು ವಿಚಾರಣೆಗೆ ಆರಿಸಿದರು. ಆ ವರ್ಷ ಹಲವರು ನೇಣಿಗೇರಿದರು. ಚೀಟಿ ತಪ್ಪಿದವರಲ್ಲಿ ಬಹಳ ಮಂದಿಯನ್ನು ಕಡಲಾಚೆಯ ವಸಾಹತುಗಳಿಗೆ ಸಾಗಿಸಿದರು. ನೇಣು ತಪ್ಪಿದರೂ ಅವರಿಗೆ ಊರ ದಾರಿ ದೊರೆಯಲಿಲ್ಲ.

ಹಾಗಾದರೆ ಹಾಡನ್ನು ಕಟ್ಟಿದವನು ಆ ಸೆರೆಯಾಳೇ? ಹಾಗೆಂದು ಒಪ್ಪಲು ಆಧಾರವಿಲ್ಲ. ಈ ಗೀತೆ ಅಚ್ಚಾದುದು 1841ರಲ್ಲಿ, ಎಡಿನ್‌ಬರೋದಲ್ಲಿ. ಘಟನೆಗೂ ಅಚ್ಚಿಗೂ ನಡುವೆ ಸುಮಾರು ನೂರು ವರ್ಷಗಳ ಅಂತರ. ಲೇಡಿ ಜಾನ್ ಸ್ಕಾಟ್ ಎಂಬ ಕವಯಿತ್ರಿ ಬೀದಿಯ ಗಾಯಕನೊಬ್ಬನಿಂದ ಇದನ್ನು ಕೇಳಿ ತಿದ್ದಿದಳೆಂಬ ಮಾತೂ ಇದೆ.

ಕರ್ತೃವಿನ ಹೆಸರು ಸಿಗದಿದ್ದರೆ ಹಾಡು ಸುಳ್ಳಾಗುವುದೇ? ನಮಗೆ ಹಾಗೆನಿಸಲಿಲ್ಲ. ಇಬ್ಬರು ಗೆಳೆಯರ ಕಥೆ ಕಲ್ಪಿತವಿರಬಹುದು. ಚೀಟಿ ಎತ್ತಿದ ಕೈಗಳು ಕಲ್ಪಿತವಲ್ಲ. ಇತಿಹಾಸವು ರಾಜಕುಮಾರನ ಹೆಸರನ್ನು ಉಳಿಸಿಕೊಂಡಿತು. ಮನೆಗೆ ಮರಳದ ಸಾಮಾನ್ಯರ ಸಂಕಟವನ್ನು ಉಳಿಸಿಕೊಂಡದ್ದು ಜನರ ಕಂಠ.

ಸ್ಕಾಟ್ಲೆಂಡಿನ ಎಷ್ಟೋ ಮದುವೆಯ ಸಂಭ್ರಮಗಳು ಇಂದಿಗೂ ಮುಗಿಯುವುದು ಇದೇ ಹಾಡಿನಿಂದ. ನೆಂಟರೆಲ್ಲ ವೃತ್ತಾಕಾರವಾಗಿ ನಿಂತು, ಒಬ್ಬರ ಕೈ ಒಬ್ಬರು ಹಿಡಿದು ಹಾಡುತ್ತಾರೆ. ಆಮೇಲೆ ತಮ್ಮ ತಮ್ಮ ಮನೆಯ ದಾರಿ ಹಿಡಿಯುತ್ತಾರೆ.